ಎಸಿ ನೀರಿನ ತೆನೆ

ಫಾಹಹೀಲ್, ಕುವೈತ್
17 ಅಕ್ಟೋಬರ್ 1997

ಪ್ರೀತಿಯ ಅಕ್ಕಾ,

ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಜಗಳವೇ ಆಗ್ತದೆ, ಕಾಗದ ಬರಿ ಅಂತ ಜೆಸ್ಸಿ ಹೇಳಿದಳು. ಹೆಂಡತಿ ಹೇಳಿದ ಮೇಲೆ ಮುಗಿಯಿತು. ಮಾತಿಗೆ ಕೊಂಕಣಿ, ಕಾಗದಕ್ಕೆ ಕನ್ನಡ ಅಂತ ಅಪ್ಪನ ಕಾನೂನು ಇತ್ತಲ್ಲ, ಕನ್ನಡ ಮೇಷ್ಟ್ರ ಮಕ್ಕಳಾಗಿ ನಾವು ಅಷ್ಟಾದರೂ ಪಾಲಿಸುವ. ಕನ್ನಡದಲ್ಲಿ ಬೈಯಲಿಕ್ಕೆ ನನಗೆ ಸ್ವಲ್ಪ ನಿಧಾನ ಆಗ್ತದೆ, ಅದೂ ಒಳ್ಳೆಯದೇ.

ಸುತ್ತಿ ಬಳಸದೆ ಹೇಳ್ತೇನೆ. ಈ ಸಲ ಮೊಂತಿ ಹಬ್ಬಕ್ಕೆ ನಿನ್ನ ಕವರು ಬರಲಿಲ್ಲ. ನಾನು ಇಲ್ಲಿಗೆ ಬಂದಂದಿನಿಂದ ಅಮ್ಮ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆಗಸ್ಟ್ ಕೊನೆಗೇ ಯಾವುದಾದರೂ ಇಗರ್ಜಿಯಲ್ಲಿ ಪಾದ್ರಿಯ ಕೈಯಿಂದ ಹೊಸ ಭತ್ತದ ತೆನೆ ಆಶೀರ್ವಾದ ಮಾಡಿಸಿ, ನಾಲ್ಕು ಕಾಳು ಕವರಿಗೆ ಹಾಕಿ ಕಳಿಸುತ್ತಿದ್ದಳು. ನಾವು ಸೆಪ್ಟೆಂಬರ್ ಎಂಟಕ್ಕೆ, ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ, ಸಿಪ್ಪೆ ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ ಕುಡಿದ ಮೇಲೆಯೇ ಊಟಕ್ಕೆ ಕೂರುವುದು. ಊರಿನಲ್ಲಿ ನೀವು ಕುಡಿಯುವ ಹೊತ್ತಿಗೆ ಇಲ್ಲಿ ನಾವೂ ಕುಡಿಯುತ್ತಿದ್ದೇವೆ ಅಂತ ಒಂದು ಸಮಾಧಾನ. ಅಮ್ಮ ಹೋದ ಮೇಲೆ ಮನೆಗೆ ಹಿರಿಯವಳು ನೀನು. ಕಂಪೆನಿಯ ಪೋಸ್ಟ್ ಬಾಕ್ಸನ್ನು ನಾನು ತೆರೆದು ತೆರೆದು ನೋಡಿದೆ. ಕೊನೆಗೆ ಜೆಸ್ಸಿ ಬಾಸ್ಮತಿ ಅಕ್ಕಿಯನ್ನು ಅರೆದು ಹಾಲಿಗೆ ಹಾಕಿ ಕೊಟ್ಟಳು. ಮಗಳು ಕ್ಲಾರಿಸ್ಸಾ ಕುಡಿದು ಬಾಯಿ ಒರೆಸಿಕೊಂಡು ಓಡಿದಳು. ನಾನು ಮಾತ್ರ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

ಆಮೇಲೆ ಫೋನು ಮಾಡಿದರೆ ನೀನು ಎಂತ ಹೇಳಿದ್ದು? ನಿಮ್ಮ ಪ್ರಾರ್ಥನಾ ಕೂಟದ ಬ್ರದರ್ ಚಾರ್ಲ್ಸ್ ಪ್ರಕಾರ ಈ ತೆನೆಯೆಲ್ಲ ಯಾವುದೋ ಹಳೆಯ ಧಾನ್ಯದೇವತೆಯ ಪೂಜೆ, ಅದಕ್ಕೆ ಮರಿಯಮ್ಮನ ಬಟ್ಟೆ ಹೊದೆಸಿದ್ದಾರೆ, ಇನ್ನು ಮುಂದೆ ನಿನ್ನ ಕೈಯಿಂದ ಅದು ಆಗುವುದಿಲ್ಲ ಅಂತ. ನನಗೆ ಸಿಟ್ಟು ಬಂತು, ಫೋನು ಇಟ್ಟೆ. ಆದರೆ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಅಕ್ಕಾ. ಇವತ್ತು ತೆನೆ ಬೇಡ ಅಂದವಳು ನಾಳೆ ತಮ್ಮನೂ ಬೇಡ ಅಂದರೆ? ನೀನೂ ನಾನೂ ಬಿಟ್ಟರೆ ನಮ್ಮ ಮನೆ ಅಂತ ಇನ್ನು ಯಾರಿದ್ದಾರೆ ಹೇಳು.

ತಮಾಷೆ ನೋಡು, ಅದೇ ವಾರ ಕ್ಲಾರಿಸ್ಸಾಳ ಶಾಲೆಯಲ್ಲಿ ಗ್ರೀಕ್ ದೇವರುಗಳ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಸಿಡಿಲಿನವನು, ಸಮುದ್ರದವನು, ಧಾನ್ಯದವಳು ಅಂತ ಚಿತ್ರ ಅಂಟಿಸಿ ಅಂಟಿಸಿ ಮನೆಯೆಲ್ಲ ಗೋಂದು. ಕೊನೆಯ ಪ್ರಶ್ನೆ, ಈ ದೇವರುಗಳನ್ನು ಇಂದು ಯಾರಾದರೂ ನಂಬುತ್ತಾರೆಯೇ ಅಂತ. ಇಲ್ಲ ಅಂತ ಬರಿ ಅಂದೆ. ನಾನು ಕೊಂಕಣಿಯಲ್ಲಿ ಹೇಳಿದ್ದಕ್ಕೆ ಅವಳು ಎಂದಿನ ಹಾಗೆ ಇಂಗ್ಲಿಷಿನಲ್ಲಿ, ನಿಮಗೆ ಹೇಗೆ ಗೊತ್ತು ಡ್ಯಾಡಿ ಅಂತ ಕೇಳಿದಳು. ಹೇಗೆ ಗೊತ್ತು? ಶುಐಬಾದಲ್ಲಿ ನಮ್ಮ ಸೈಟಿಗೆ ಒಬ್ಬ ಗ್ರೀಕ್ ಇನ್ಸ್‌ಪೆಕ್ಟರ್ ಬಂದಿದ್ದಾನೆ, ಅವನನ್ನೇ ಕೇಳ್ತೇನೆ ಅಂತ ಹೇಳಿ ತಪ್ಪಿಸಿಕೊಂಡೆ.

ನಿನ್ನ ಮಂಡಿನೋವು ಈಗ ಹೇಗುಂಟು? ಬರಿ. ಬೈದಾದರೂ ಬರಿ.

ನಿನ್ನ ತಮ್ಮ
ಸೈಮನ್

•

ಕುಲಶೇಖರ, ಮಂಗಳೂರು
9 ನವೆಂಬರ್ 1997

ಸೈಮನ್,

ಪ್ರೀತಿಯ ಅಂತ ಬರೆಯಲಿಲ್ಲ ಅಂತ ಮುಖ ಊದಿಸಬೇಡ, ಅದು ಕೊನೆಗೆ ಬರ್ತದೆ. ಮಂಡಿನೋವು ಇದ್ದ ಹಾಗೇ ಉಂಟು. ಹೊಲಿಗೆ ಮೆಷಿನ್ ತುಳಿಯಲಿಕ್ಕೆ ಈಗ ಕ್ಲಾಸಿನ ಹುಡುಗಿಯರಿದ್ದಾರೆ, ನಾನು ಕುರ್ಚಿಯಲ್ಲಿ ಕೂತು ತಪ್ಪು ಹಿಡಿಯುವುದು ಮಾತ್ರ. ಅದು ನನಗೆ ಒಗ್ಗುವ ಕೆಲಸ ಅಂತ ನೀನು ಹೇಳ್ತಿ, ಗೊತ್ತುಂಟು.

ನಿನಗೆ ಒಂದು ವಿಷಯ ಅರ್ಥ ಆಗಬೇಕು. ಅಮ್ಮನ ಮಣ್ಣು ಆದ ಮೇಲೆ ನೀನು ರಜೆ ಮುಗಿಸಿ ವಿಮಾನ ಹತ್ತಿದಿ. ತಪ್ಪು ಅಂತ ಹೇಳುವುದಿಲ್ಲ, ಇಕಾಮಾದ, ಆ ವಾಸದ ಪರವಾನಗಿಯ, ತೊಂದರೆ ನನಗೂ ಗೊತ್ತುಂಟು. ಆದರೆ ಈ ಬಾಡಿಗೆ ಮನೆಯಲ್ಲಿ ಸಂಜೆ ದೀಪ ಹಾಕಿದ ಮೇಲೆ ನನಗೆ ಮಾತಾಡಲಿಕ್ಕೆ ಗೋಡೆಯೇ ಗತಿ ಆಯಿತು. ಆಗ ಬಂದು ಕೂತವರು ಕೂಟದವರು. ದಿನಾ ಬಂದರು, ಚಹಾ ಕುಡಿದರು, ಅಮ್ಮನ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಹಾಗೆ ಕೂತವರು ಹೇಳಿದ ಮಾತನ್ನು ನಾನು ತಳ್ಳಿಹಾಕುವುದು ಹೇಗೆ?

ಬ್ರದರ್ ಚಾರ್ಲ್ಸ್ ಒಂದು ಚಿತ್ರ ತೋರಿಸಿದರು. ಗ್ರೀಸಿನಲ್ಲಿ ಒಬ್ಬಳು ದೇವತೆ, ಕೈಯಲ್ಲಿ ತೆನೆ. ಮೊದಲ ಬೆಳೆಯನ್ನು ಅವಳ ಮುಂದೆ ಇಡುತ್ತಿದ್ದರಂತೆ, ಹೂವು, ಮೆರವಣಿಗೆ, ಎಲ್ಲ. ನಮ್ಮ ಮಕ್ಕಳು ಬುಟ್ಟಿಯಲ್ಲಿ ಹೂವು ತೆಗೆದುಕೊಂಡು ಹೋಗುವ ಹಾಗೆಯೇ. ಈಗ ಅವಳನ್ನು ಯಾರು ನಂಬ್ತಾರೆ? ಯಾರೂ ಇಲ್ಲ. ಯಾರೂ ನಂಬದ ದೇವತೆಯ ಕೆಲಸವನ್ನು ಈ ಕುಲಶೇಖರದ ಆಲಿವ್ ಯಾಕೆ ಮುಂದುವರಿಸಬೇಕು? ಬೇಕಾದರೆ ನಿನ್ನ ಗ್ರೀಕನನ್ನೇ ಕೇಳಿ ನೋಡು.

ತಮ್ಮ ಬೇಡ ಅಂತ ನಾನು ಹೇಳಿದ್ದು ಯಾವಾಗ? ಇಲ್ಲದ್ದನ್ನೆಲ್ಲ ಯೋಚಿಸಿ ಮಂಡೆಬಿಸಿ ಮಾಡಿಕೊಳ್ಳಬೇಡ.

ಇಗೋ ಬಂತು, ಪ್ರೀತಿಯ
ಆಲಿವ್

•

ಫಾಹಹೀಲ್
28 ನವೆಂಬರ್ 1997

ಪ್ರೀತಿಯ ಅಕ್ಕಾ,

ಗೋಡೆಯ ಜೊತೆ ಮಾತಾಡಿದ್ದನ್ನು ನೀನು ಬರೆದದ್ದು ಓದಿ ನನಗೆ ಅನ್ನ ಸೇರಲಿಲ್ಲ. ಜೆಸ್ಸಿ ಜಾಬ್ರಿಯಾದ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದು ಕಾಗದ ಓದಿ, ನಿಮ್ಮ ಅಕ್ಕ ಸರಿಯಾಗಿಯೇ ಬರೆದಿದ್ದಾರೆ ಅಂತ ನನ್ನ ಮುಖಕ್ಕೇ ಹೇಳಿದಳು.

ಗ್ರೀಕನನ್ನು ಕೇಳಿದೆ. ಹೆಸರು ಸ್ತಾವ್ರೋಸ್, ಪೈಪಿನ ವೆಲ್ಡಿಂಗ್ ತಪಾಸಣೆ ಅವನ ಕೆಲಸ, ನಾನು ಅವನ ಕಾಗದಪತ್ರ ನೋಡಿಕೊಳ್ಳುವವನು. ದಪ್ಪ ಮೀಸೆ, ದಪ್ಪ ಹೊಟ್ಟೆ. ಇಂಗ್ಲಿಷ್ ಚೂರುಪಾರು, ಅರಬ್ಬಿಯಲ್ಲಿ ಯಲ್ಲಾ ಮತ್ತು ಖಲಾಸ್, ಎರಡೇ ಶಬ್ದ. ನಿಮ್ಮಲ್ಲಿ ಆ ಹಳೆಯ ದೇವರುಗಳನ್ನು ಈಗ ಯಾರಾದರೂ ನಂಬ್ತಾರಾ ಅಂತ ಕೇಳಿದ್ದಕ್ಕೆ ಮೊದಲು ನಕ್ಕ. ಅಥೆನ್ಸಿನಲ್ಲಿ ಕೆಲವರು ಇದ್ದಾರಂತೆ, ಬಿಳಿ ಬಟ್ಟೆ ಹಾಕಿಕೊಂಡು ಗುಡ್ಡ ಹತ್ತಿ ಹಳೆಯ ದೇವರ ಹೆಸರು ಕೂಗುವವರು. ನಿಜವಾಗಿಯೂ ನಂಬುವವರೇ, ನಾಟಕ ಅಲ್ಲ, ಆದರೆ ಊರವರು ನಗ್ತಾರೆ ಅಂದ. ತಾನು ಭಾನುವಾರ ಇಗರ್ಜಿಗೆ ಹೋಗುವ ಸೀದಾ ಕ್ರಿಶ್ಚಿಯನ್ ಅಂತ ಎದೆ ಮುಟ್ಟಿ ಹೇಳಿದ.

ಆದರೆ ಕಳೆದ ವಾರ ಆ ಮನುಷ್ಯ ಒಂದು ಡಬ್ಬಿ ತಂದು ನನ್ನ ಮೇಜಿನ ಮೇಲೆ ಇಟ್ಟ. ಬೇಯಿಸಿದ ಗೋಧಿ, ದಾಳಿಂಬೆ, ಒಣದ್ರಾಕ್ಷಿ, ಕಡಲೆ, ಎಲ್ಲ ಸೇರಿಸಿದ್ದು. ಒಳ್ಳೆ ರುಚಿ ಇತ್ತು ಅಕ್ಕಾ. ಎಂತ ವಿಶೇಷ ಅಂತ ಕೇಳಿದೆ. ಅವನ ಊರು ಎಲೆಫ್ಸಿನಾ. ನಮ್ಮ ಶುಐಬಾದ ಹಾಗೆಯೇ ಅಲ್ಲಿಯೂ ಎಣ್ಣೆ ರಿಫೈನರಿ, ಹೊಗೆ. ರಿಫೈನರಿಯ ಹತ್ತಿರವೇ ಆ ಧಾನ್ಯದವಳ, ದಿಮಿತ್ರಾಳ, ಹಳೆಯ ದೇವಸ್ಥಾನದ ಕಲ್ಲುಗಳು ಬಿದ್ದುಕೊಂಡಿವೆಯಂತೆ. ಅದರ ಮೇಲಿನ ಬಂಡೆಯಲ್ಲಿ ಮರಿಯಮ್ಮನ ಸಣ್ಣ ಇಗರ್ಜಿ. ಬಿತ್ತನೆಯ ಕಾಲದಲ್ಲಿ, ನವೆಂಬರಿನಲ್ಲಿ, ಊರಿನ ಹೆಂಗಸರು ಗೋಧಿ ಬೇಯಿಸಿಕೊಂಡು ಅಲ್ಲಿಗೆ ಹತ್ತುತ್ತಾರೆ, ಪಾದ್ರಿ ಆಶೀರ್ವಾದ ಮಾಡ್ತಾರೆ, ಎಲ್ಲರೂ ಹಂಚಿ ತಿನ್ನುತ್ತಾರೆ. ಅವನ ಅಮ್ಮ ಎಂಬತ್ತು ದಾಟಿದ ಮೇಲೂ ಹತ್ತುತ್ತಾಳಂತೆ.

ಇನ್ನೊಂದು ಕಥೆಯನ್ನೂ ಹೇಳಿದ. ಅವನ ಮುತ್ತಜ್ಜನಿಗೂ ಹಿಂದಿನ ಕಾಲದಲ್ಲಿ ಊರಿನ ಗದ್ದೆ ಬದಿಯಲ್ಲಿ ಒಂದು ಕಲ್ಲಿನ ಹೆಂಗಸು ಇದ್ದಳಂತೆ. ಇಗರ್ಜಿಗೆ ಹೋಗುವ ಜನರೇ ಅವಳ ಕುತ್ತಿಗೆಯ ತನಕ ಗೊಬ್ಬರ ರಾಶಿ ಹಾಕುತ್ತಿದ್ದರು, ಬೆಳೆ ಚೆನ್ನಾಗಿ ಬರಲಿ ಅಂತ. ಪರದೇಶದವರು ಬಂದು ಅವಳನ್ನು ಹಡಗಿನಲ್ಲಿ ಸಾಗಿಸಿದರು, ಮರುವರ್ಷ ಬೆಳೆ ಕೈಕೊಟ್ಟಿತು ಅಂತ ಊರವರು ಹೇಳ್ತಾರೆ. ಹಾಗಾದರೆ ನಿನ್ನ ಅಮ್ಮ ದಿಮಿತ್ರಾಳನ್ನು ನಂಬ್ತಾಳಾ ಅಂತ ನಾನು ಬಿಡದೆ ಕೇಳಿದೆ.

"ಹಾಗೆ ಕೇಳಿದರೆ ಅಮ್ಮ ಸೌಟಿನಿಂದ ಹೊಡೀತಾಳೆ," ಅಂದ. "ಅವಳು ನಂಬುವುದಿಲ್ಲ. ಗೋಧಿ ಬೇಯಿಸ್ತಾಳೆ."

ಕ್ಲಾರಿಸ್ಸಾ ತನ್ನ ಕೊನೆಯ ಪ್ರಶ್ನೆಗೆ ಹೀಗೆ ಉತ್ತರ ಬರೆದಳು: ಕೆಲವರು ನಂಬುತ್ತಾರೆ, ಮತ್ತೆ ಕೆಲವು ಅಮ್ಮಂದಿರು, ಆದರೆ ಅವರಿಗೆ ಅದು ಗೊತ್ತಿಲ್ಲ. ಟೀಚರ್ ಕೆಂಪು ಪೆನ್ನಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದಾರೆ.

ನಿನ್ನ
ಸೈಮನ್

•

ಕುಲಶೇಖರ
4 ಜನವರಿ 1998

ಸೈಮನ್,

ಹೊಸ ವರ್ಷ ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ. ನಿನ್ನ ಗ್ರೀಕ ನನ್ನ ಪರವಾಗಿಯೇ ಸಾಕ್ಷಿ ಹೇಳಿದ್ದಾನಲ್ಲ ಮಾರಾಯ! ದೇವಸ್ಥಾನದ ಮೇಲೆಯೇ ಇಗರ್ಜಿ, ದೇವತೆಯ ಗೋಧಿಯೇ ಮರಿಯಮ್ಮನಿಗೆ. ಬ್ರದರ್ ಚಾರ್ಲ್ಸ್ ಹೇಳಿದ್ದು ಬೇರೆ ಎಂತ? ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ, ಬಹಳ ಖುಷಿಪಟ್ಟರು. ಮುಂದಿನ ಪ್ರವಚನಕ್ಕೆ ಉಪಯೋಗಿಸ್ತಾರಂತೆ.

ಆ ಮುದುಕಿಯ ಬಗ್ಗೆ ಮಾತ್ರ ನನಗೆ ಕನಿಕರ. ಎಂಬತ್ತು ದಾಟಿ ಗುಡ್ಡ ಹತ್ತುವುದೆಂದರೆ ತಮಾಷೆಯಾ? ಮಂಡಿ ನೋಯುವುದಿಲ್ಲವಾ ಅಂತ ಕೇಳಿ ನೋಡು.

ಕ್ರಿಸ್ಮಸಿಗೆ ಕುಸ್ವಾರ್ ತಿಂಡಿಗಳನ್ನೆಲ್ಲ ಮಾಡಿದೆ, ಒಬ್ಬಳಿಗೇ ಅಷ್ಟು ಯಾಕೆ ಅಂದುಕೊಂಡರೂ ಕೈ ತನ್ನಷ್ಟಕ್ಕೆ ಮಾಡಿತು. ನೆವ್ರಿಯ ಹೂರಣಕ್ಕೆ ಒಳ್ಳೆ ಹದ ಬಂದಿತ್ತು. ಇದು ವಿಗ್ರಹಾರಾಧನೆ ಅಲ್ಲವಾ ಅಂತ ಬ್ರದರ್ ಚಾರ್ಲ್ಸ್ ಏನೂ ಕೇಳಲಿಲ್ಲ, ತಟ್ಟೆ ಖಾಲಿ ಮಾಡಿ ಇನ್ನೂ ಉಂಟಾ ಅಂದರು. ನಿನ್ನ ಪಾಲು ಡಬ್ಬದಲ್ಲಿ ಹಾಕಿಟ್ಟಿದ್ದೇನೆ, ಯಾರಾದರೂ ಕುವೈತಿಗೆ ಹೊರಟರೆ ಕೊಟ್ಟು ಕಳಿಸ್ತೇನೆ. ಆದರೆ ತೆನೆಯ ವಿಷಯ ಮುಗಿಯಿತು, ಮತ್ತೆ ಎತ್ತಬೇಡ.

ಪ್ರೀತಿಯ
ಆಲಿವ್

•

ಫಾಹಹೀಲ್
20 ಮಾರ್ಚ್ 1998

ಪ್ರೀತಿಯ ಅಕ್ಕಾ,

ಎತ್ತಬೇಡ ಅಂದಿ, ಎತ್ತುವುದಿಲ್ಲ. ನಾನು ಬಿತ್ತಿದೆ.

ಅಮ್ಮ ಕೊನೆಯ ವರ್ಷ ಕಳಿಸಿದ ಕವರಿನಲ್ಲಿ ಕೆಲವು ಕಾಳು ಉಳಿದಿತ್ತು, ಹಳೆಯದು ಹಬ್ಬಕ್ಕೆ ಆಗುವುದಿಲ್ಲ ಅಂತ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟಿದ್ದೆವು. ಯಾರೂ ಕಳಿಸದಿದ್ದರೆ ನಾವೇ ಬೆಳೆಸುವ ಅಂತ ಹಟ ಬಂತು. ಫೆಬ್ರವರಿ ಕೊನೆಯ ರಜೆಯಲ್ಲಿ ಹದಿನೈದು ಕಿಲೋದ ಎಣ್ಣೆ ಡಬ್ಬದ ಬಾಯಿ ಕತ್ತರಿಸಿ, ಬಾಲ್ಕನಿಯಲ್ಲಿಟ್ಟು ಮಣ್ಣು ತುಂಬಿದೆ. ಇಲ್ಲಿನ ಮಣ್ಣೆಂದರೆ ಬರೀ ಮರಳು. ಸ್ತಾವ್ರೋಸ್ ಶುಕ್ರವಾರದ ಸಂತೆಯಿಂದ ಒಂದು ಚೀಲ ಆಡಿನ ಗೊಬ್ಬರ ತಂದ, ತನ್ನ ಕಾರಿನ ಹಿಂದಿನ ಸೀಟಿನಲ್ಲಿ! ಗೊಬ್ಬರ ಇಲ್ಲದೆ ಧಾನ್ಯದವಳು ಬರುವುದಿಲ್ಲ ಅಂತ ಅವನ ವಾದ. ಮುಖ ಮಾತ್ರ ಗಂಭೀರ. ಜೆಸ್ಸಿ ಮೂಗಿಗೆ ಆಸ್ಪತ್ರೆಯ ಮಾಸ್ಕ್ ಕಟ್ಟಿಕೊಂಡೇ ಬಟ್ಟೆ ಒಣಗಿಸಲಿಕ್ಕೆ ಹೋಗುವುದು.

ಆದರೆ ಒಂದೂ ಮೊಳೆಯಲಿಲ್ಲ ಅಕ್ಕಾ. ಕ್ಲಾರಿಸ್ಸಾ ದಿನಾ ಶಾಲೆಯಿಂದ ಬಂದು ನೋಡ್ತಾಳೆ. ನಿನ್ನೆ ನಾನು ಬೆರಳಿನಿಂದ ಕೆದಕಿ ನೋಡಿದೆ, ಎಲ್ಲ ಕಪ್ಪಾಗಿ ಕೊಳೆತಿದೆ. ಅಮ್ಮನ ಕೈ ಮುಟ್ಟಿದ ಕೊನೆಯ ಕಾಳುಗಳು. ಹಾಗೇ ಇಟ್ಟುಕೊಂಡಿದ್ದರೆ ಇರುತ್ತಿತ್ತು, ನಾನೇ ಮಣ್ಣಿಗೆ ಹಾಕಿ ಹಾಳು ಮಾಡಿದೆ. ಬಾಲ್ಕನಿಯಲ್ಲಿ ಕೂತು ಅತ್ತೆ. ಇದನ್ನು ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ.

ಸೈಮನ್

•

ಕುಲಶೇಖರ
12 ಏಪ್ರಿಲ್ 1998, ಈಸ್ಟರ್

ಪ್ರೀತಿಯ ಸೈಮನ್,

ನಿನ್ನ ಕಾಗದ ಓದಿ ನಾನು ನಗಲಿಕ್ಕೆ ಶುರುಮಾಡಿದ್ದು, ಹುಡುಗಿಯರು ಹೊಲಿಗೆ ನಿಲ್ಲಿಸಿ ಹೆದರಿ ನೋಡಿದರು. ಪೆದ್ದ! ಆ ಭತ್ತ ಮೊಳೆಯುವುದು ಹೇಗೆ? ಅಮ್ಮ ಕವರಿಗೆ ಹಾಕುವ ಮೊದಲು ಅದನ್ನು ಹುರಿಯುತ್ತಿದ್ದಳು. ನೀನು ಹೋದ ಹೊಸತರಲ್ಲಿ ಒಮ್ಮೆ ಬರೆದಿದ್ದಿ, ಕವರಿನಲ್ಲಿ ಹುಳ ಬಂದಿದೆ ಅಂತ. ಅಷ್ಟೇ ಸಾಕಾಯಿತು. ಮರುವರ್ಷದಿಂದ ಬಾಣಲೆ ಇಟ್ಟು, ಸಣ್ಣ ಬೆಂಕಿಯಲ್ಲಿ, ಅರಳದ ಹಾಗೆ ಕೈಯಾಡಿಸಿ ಕೈಯಾಡಿಸಿ ಹುರಿಯುವುದು. ಮಗನ ಹಾಲಿನಲ್ಲಿ ಹುಳ ಬೀಳಬಾರದು ಅಂತ. ನಿನಗೆ ಹೇಳಬೇಡ, ಬೇಜಾರು ಮಾಡ್ತಿ ಅಂತ ನನಗೆ ತಾಕೀತು ಬೇರೆ.

ಆದ್ದರಿಂದ ನೀನು ಹಾಳು ಮಾಡಿದ್ದು ಏನೂ ಇಲ್ಲ. ಅತ್ತದ್ದು ದಂಡ.

ನಕ್ಕು ಮುಗಿದ ಮೇಲೆ ಆ ಬಾಣಲೆಯ ವಾಸನೆ ನೆನಪಾಯಿತು, ನಾನೂ ಸ್ವಲ್ಪ ಅತ್ತೆ. ಲೆಕ್ಕ ಸರಿಯಾಯಿತಲ್ಲ.

ಇದರೊಟ್ಟಿಗೆ ಬಟ್ಟೆಯ ಸಣ್ಣ ಚೀಲದಲ್ಲಿ ಬೀಜದ ಭತ್ತ ಇಟ್ಟಿದ್ದೇನೆ. ಕ್ಲಾಸಿಗೆ ಬರುವ ಸರಸಮ್ಮನ ಗದ್ದೆಯದ್ದು, ಬೇಗ ಬರುವ ತಳಿಯಂತೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡು, ಮೊಳಕೆ ಬಂದ ಮೇಲೆ ಹಾಕು. ಇದು ಆಶೀರ್ವಾದ ಮಾಡಿಸಿದ್ದು ಅಲ್ಲ, ಬರೀ ಬೀಜ. ಬಿತ್ತಲಿಕ್ಕೆ ಬೀಜ ಕೊಟ್ಟರೆ ಅದು ಪೂಜೆ ಆಗುವುದಿಲ್ಲ. ಬ್ರದರ್ ಚಾರ್ಲ್ಸಿಗೆ ನಾನು ಹೇಳಲಿಲ್ಲ, ಹೇಳುವಂಥದ್ದು ಏನೂ ಇಲ್ಲವಲ್ಲ.

ಆಲಿವ್

•

ಫಾಹಹೀಲ್
21 ಆಗಸ್ಟ್ 1998

ಪ್ರೀತಿಯ ಅಕ್ಕಾ,

ತೆನೆ ಬಂತು!

ಮೇ ತಿಂಗಳಿನಿಂದ ಈ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹೊರಗೆ ಕಬ್ಬಿಣ ಮುಟ್ಟಿದರೆ ಕೈ ಸುಡುವ ಬಿಸಿಲು. ಗದ್ದೆಗೆ ನೀರು ನಿಲ್ಲಬೇಕಲ್ಲ, ಅದಕ್ಕೆ ಎಸಿಯ ಪೈಪನ್ನು ತಿರುಗಿಸಿ ಡಬ್ಬಕ್ಕೆ ಬಿಟ್ಟೆ. ಹಗಲೂ ರಾತ್ರಿ ತೊಟ್ಟಿಕ್ಕುತ್ತದೆ. ಸೆಕೆ ಹೆಚ್ಚಾದಷ್ಟು ಎಸಿ ಓಡುತ್ತದೆ, ಎಸಿ ಓಡಿದಷ್ಟು ಗದ್ದೆಗೆ ನೀರು. ಬಿಸಿಲಿಗೆ ಅಡ್ಡವಾಗಿ ಜೆಸ್ಸಿಯ ಹಳೆಯ ಬೆಡ್‌ಶೀಟ್ ಕಟ್ಟಿದ್ದೇನೆ. ಮೊದಲು ಮೂಗು ಮುಚ್ಚುತ್ತಿದ್ದವಳು ಈಗ ಡ್ಯೂಟಿಗೆ ಹೋಗುವ ಮೊದಲು ಪೈಪು ಸರಿಯುಂಟಾ ಅಂತ ನೋಡಿಯೇ ಬಸ್ಸು ಹತ್ತುವುದು. ಕ್ಲಾರಿಸ್ಸಾ ಡಬ್ಬದ ಮೇಲೆ ದಿಮಿತ್ರಾ ಅಂತ ಬಣ್ಣದಲ್ಲಿ ಬರೆದಿದ್ದಾಳೆ. ನೀನು ಸಿಟ್ಟು ಮಾಡಬೇಡ, ಅವಳಿನ್ನೂ ಮಗು.

ಸ್ತಾವ್ರೋಸ್ ನೋಡಲಿಕ್ಕೆ ಬಂದಿದ್ದ. ತೆನೆ ಬಗ್ಗಿಸಿ ನೋಡಿ, ತನಗೇ ಗೊತ್ತಿಲ್ಲದ ಹಾಗೆ ಶಿಲುಬೆಯ ಗುರುತು ಹಾಕಿಕೊಂಡ. ಕ್ಲಾರಿಸ್ಸಾ ಬಿಡುತ್ತಾಳಾ? ನೀವು ಯಾರಿಗೆ ಕೈಮುಗಿದದ್ದು ಅಂಕಲ್ ಅಂತ ಕೇಳಿದಳು. ಅವನು ತೆನೆಯನ್ನು ಮೆಲ್ಲಗೆ ಬಿಟ್ಟು, ಭತ್ತ ಬಂದದ್ದಕ್ಕೆ ಅಂದ. ಅವನ ಅಮ್ಮನ ಮಂಡಿಯ ಬಗ್ಗೆ ನೀನು ಕೇಳಿದ್ದನ್ನು ಹೇಳಿದೆ. ನೋಯುತ್ತದಂತೆ, ದಾರಿಯುದ್ದಕ್ಕೂ ಬೈಯುತ್ತಲೇ ಹತ್ತುತ್ತಾಳಂತೆ. ಫೋನಿನಲ್ಲಿ ನಿನ್ನ ವಿಷಯ ಹೇಳಿದ್ದಾನೆ, ಇಂಡಿಯಾದ ಆಲಿವ್ ಎಂಬವಳಿಗೆ ಆ ಮುದುಕಿ ನಮಸ್ಕಾರ ಹೇಳಿದ್ದಾಳೆ.

ಸೈಮನ್

•

ಫಾಹಹೀಲ್
11 ಸೆಪ್ಟೆಂಬರ್ 1998

ಪ್ರೀತಿಯ ಅಕ್ಕಾ,

ಹಬ್ಬ ಒಳ್ಳೆಯದಾಯಿತು. ಸಂಜೆ ಅಹಮದಿಯ ಇಗರ್ಜಿಗೆ ಹೋದೆವು. ಇಲ್ಲಿನ ನಮ್ಮವರು ಈ ವರ್ಷ ಮೊದಲ ಸಲ ಮಂಗಳೂರಿನಿಂದ ವಿಮಾನದಲ್ಲಿ ತರಿಸಿದ ತೆನೆಯ ಕಟ್ಟು ಪೀಠದ ಹತ್ತಿರ ಇತ್ತು. ಅದರ ಪಕ್ಕ ನಮ್ಮ ಬಾಲ್ಕನಿಯದ್ದನ್ನೂ ಇಟ್ಟೆ. ಮುಷ್ಟಿ ತುಂಬ ಇಲ್ಲ, ಆದರೂ ಫಾದರ್ ಅದಕ್ಕೂ ನೀರು ಚಿಮುಕಿಸಿದರು. ಎಲ್ಲಿಯದ್ದು ಅಂತ ಕೇಳಿದವರಿಗೆಲ್ಲ ಫಾಹಹೀಲಿನದ್ದು ಅಂತ ಕ್ಲಾರಿಸ್ಸಾ ಹೇಳಿಕೊಂಡು ತಿರುಗಿದಳು. ಆ ಒಂದು ಸಂಜೆ ನಾನು ಜಮೀನ್ದಾರ.

ಮನೆಗೆ ಬಂದು ಸುಲಿಯಲಿಕ್ಕೆ ಕೂತರೆ ಹೆಚ್ಚಿನದ್ದೆಲ್ಲ ಜಳ್ಳು. ಇಲ್ಲಿನ ಬಿಸಿಗೆ ಹೂವಿನಲ್ಲೇ ಸುಟ್ಟಿರಬೇಕು. ಹುಡುಕಿ ಹುಡುಕಿ ಕೆಲವು ಗಟ್ಟಿ ಕಾಳು ಸಿಕ್ಕಿತು, ಪುಡಿ ಮಾಡಿ ಹಾಲಿಗೆ ಹಾಕಿದೆವು. ಈ ಸಲ ನಾನೂ ಲೋಟ ಖಾಲಿ ಮಾಡಿದೆ. ಸ್ತಾವ್ರೋಸ್ ಕೂಡ ಕುಡಿದ, ಬಾಳೆ ಎಲೆಯ ಮುಂದೆ ಕೂತು ಎಲ್ಲ ಪಲ್ಯವನ್ನೂ ಎರಡನೆಯ ಸಲ ಹಾಕಿಸಿಕೊಂಡ.

ಒಂದು ತೆನೆಯನ್ನು ನಾವು ಮುಟ್ಟಲಿಲ್ಲ. ಅದು ಈ ಕವರಿನಲ್ಲಿ ಉಂಟು. ಇಷ್ಟು ವರ್ಷ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು, ಒಮ್ಮೆ ಈ ಕಡೆಯಿಂದ ಬರಲಿ. ಬೀಜ ನಿನ್ನದೇ. ತಿನ್ನು ಅಂತ ನಾನು ಹೇಳುವುದಿಲ್ಲ. ಎಸೆದರೂ ಬೇಜಾರಿಲ್ಲ ಅಂತ ಬರೆಯಲಿಕ್ಕೆ ಹೊರಟಿದ್ದೆ, ಅದು ಸುಳ್ಳು. ಬೇಜಾರಾಗ್ತದೆ.

ನಿನ್ನ ತಮ್ಮ
ಸೈಮನ್

•

ಕುಲಶೇಖರ
2 ಅಕ್ಟೋಬರ್ 1998

ಪ್ರೀತಿಯ ಸೈಮನ್,

ಕವರು ಮೊನ್ನೆ ಬಂತು. ನಿನ್ನ ತೆನೆ ನೋಡಲಿಕ್ಕೆ ಚೆಂದ, ಒಳಗೆ ಏನೂ ಇಲ್ಲ. ಮೇಜಿನ ಮೇಲೆ ಪೇಪರು ಹಾಸಿ ಒಂದೊಂದನ್ನೇ ಉಗುರಿನಿಂದ ಒತ್ತಿ ನೋಡಿದೆ. ಜಳ್ಳು, ಜಳ್ಳು, ಬರೀ ಜಳ್ಳು. ಬಿಟ್ಟುಬಿಡುವ ಅಂತ ಏಳುವಾಗ ಕೊನೆಯಲ್ಲಿ ಒಂದು ಗಟ್ಟಿ ಕಾಳು ಸಿಕ್ಕಿತು. ಮರಳಿನಲ್ಲಿ, ಆಡಿನ ಗೊಬ್ಬರದಲ್ಲಿ, ಎಸಿಯ ನೀರು ಕುಡಿದು ಅದೊಂದು ಗಟ್ಟಿಯಾಗಿದೆ.

ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತೆ. ಸಂಜೆ ಕೂಟದವರು ಬರುವ ಹೊತ್ತು. ಬ್ರದರ್ ಚಾರ್ಲ್ಸ್ ಬಂದರು, ಪ್ರಾರ್ಥನೆ ಆಯಿತು, ಕಾಳು ನನ್ನ ಮುಷ್ಟಿಯಲ್ಲೇ ಇತ್ತು. ಅವರು ಒಳ್ಳೆಯ ಮನುಷ್ಯ ಸೈಮನ್, ನನ್ನ ಕತ್ತಲೆಯಲ್ಲಿ ಬಂದು ಕೂತವರು, ಅವರನ್ನು ನಾನು ಬಿಡುವುದಿಲ್ಲ. ಆದರೆ ಅವರು ಎದ್ದು ಹೋದ ಮೇಲೆ ಒಲೆಯ ಮೇಲೆ ಹಾಲು ಇಟ್ಟೆ. ಕಾಳು ಸುಲಿದೆ, ಕಲ್ಲಿನಲ್ಲಿ ಅರೆದೆ. ಒಂದು ಅಕ್ಕಿ ಅರೆದರೆ ಎಂತ ಸಿಗ್ತದೆ? ಕಲ್ಲನ್ನೇ ಹಾಲಿನಲ್ಲಿ ತೊಳೆದು ಕುಡಿದೆ.

ಅಮ್ಮನ ಜಾಗದಲ್ಲಿ ಕೂತು ಕುಡಿದೆ. ಎದುರಿಗೆ ನೀವೆಲ್ಲ ಇದ್ದ ಹಾಗೆ ಆಯಿತು.

ನಂಬಿದೆಯಾ ಅಂತ ಯಾರಾದರೂ ಕೇಳಿದರೆ ಇಲ್ಲ ಅಂತಲೇ ಹೇಳುವೆ. ನಿನ್ನ ಗ್ರೀಕನ ಅಮ್ಮನಿಗೂ ಹಾಗೆಯೇ ತಿಳಿಸು, ಕುಲಶೇಖರದ ಆಲಿವ್ ನಂಬಲಿಲ್ಲ, ಹಾಲು ಕಾಯಿಸಿದಳು ಅಂತ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲಿಕ್ಕೂ ಹೇಳು.

ಇವತ್ತು ಬೆಳಿಗ್ಗೆ ಇಗರ್ಜಿಗೆ ಹೋಗಿದ್ದೆ. ಹಬ್ಬದಲ್ಲಿ ಹಂಚಿ ಉಳಿದ ತೆನೆ ಫಾದರ್ ಹತ್ತಿರ ಇನ್ನೂ ಇತ್ತು, ಕೇಳಿ ತಂದೆ. ಈ ಕವರಿನಲ್ಲಿ ಇಟ್ಟಿದ್ದೇನೆ. ಹಬ್ಬ ಕಳೆದು ತಿಂಗಳಾಗುತ್ತಾ ಬಂತು, ಆದರೂ ಹೊಸತು ಹೊಸತೇ. ಕ್ಲಾರಿಸ್ಸಾಳಿಗೆ ಮೊದಲು ಕೊಡು.

ಬಿತ್ತಬೇಡ. ಹುರಿದಿದ್ದೇನೆ.

ನಿನ್ನ ಅಕ್ಕ
ಆಲಿವ್